ಸುಡುವ ಮುನ್ನ ಕೂಗಿಸಿದವರು

ಕಳೆದ ತಿಂಗಳು ಬಳ್ಳಾರಿಯಿಂದ ಒಂದು ಫೋನ್ ಬಂತು. ನಾನು ನಿವೃತ್ತನಾದ ಕಚೇರಿಗೆ ಈಚೆಗೆ ಸೇರಿದ ಹುಡುಗಿ. "ಸಾರ್, ಹಳೇ ಸರ್ವರ್ ತೆಗೆದು ಹೊಸಾದು ಹಾಕಾಕತ್ತೀವಿ. ಅದರಾಗಿನ ಹಳೇ ಡೇಟಾ ಎಷ್ಟು ವರ್ಷ ಇಡಬೇಕು ಅಂತ ಇಲ್ಲಿ ಯಾರಿಗೂ ಗೊತ್ತಿಲ್ರೀ. ನಿಮ್ಮನ್ನ ಕೇಳು ಅಂದ್ರು," ಎಂದಳು. ನಾನು ಹಿಂದೆಮುಂದೆ ನೋಡದೆ ಕೇಳಿದ್ದು ಒಂದೇ ಮಾತು: "ಕೂಗಿಸಿದ್ರೇನು?"

"ಏನ್ರೀ ಸಾರ್?" ಎಂದಳು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಅವಳ ತಪ್ಪಲ್ಲ ಬಿಡಿ. ಆ ಮಾತು ನನ್ನದೂ ಅಲ್ಲ. ಆಪಾ ತೀರಿಕೊಂಡು ಎರಡು ಮಳೆಗಾಲ ಕಳೆದರೂ ನನ್ನ ಬಾಯಿಂದ ಅವರೇ ಮಾತಾಡುತ್ತಾರೆ, ನಾನೇನು ಮಾಡಲಿ. ಅವಳಿಗೆ ಫೋನಿನಲ್ಲೇ ಕೂಗಿಸುವುದು ಅಂದರೆ ಏನೆಂದು ಒಂದಷ್ಟು ಹೇಳಿದೆ. ಹೇಳಿದ್ದು ಸಾಲದು ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಆಪಾ ಅಂದರೆ ಉರ್ದುವಿನಲ್ಲಿ ಅಕ್ಕ. ಅವರು ನಮ್ಮ ಕಾಲುವೆ ಕಚೇರಿಯ ಅಧೀಕ್ಷಕಿ, ರೆಕಾರ್ಡ್ ರೂಮಿನ ಯಜಮಾನತಿ. ಊರು ಸಿರುಗುಪ್ಪ. ಹೆಸರು ಬೇರೆ ಇತ್ತು, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಜವಾನ ಹುಲುಗಪ್ಪನಿಂದ ಹಿಡಿದು ಬಂದುಹೋದ ಸಾಹೇಬರವರೆಗೆ ಎಲ್ಲರಿಗೂ ಅವರು ಆಪಾ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಗುತ್ತಿಗೆದಾರರೂ ಹಾಗೇ ಕರೆಯುತ್ತಿದ್ದರು. "ನಿನ್ನ ತಮ್ಮ ಅನ್ನಾಕ ನನಗ ನಾಚಿಕಿ ಬರ್ತೈತಿ, ಒಮ್ಮೆ ಕನ್ನಡ್ಯಾಗ ತಲಿ ನೋಡ್ಕೋ," ಎಂದು ಅವರ ಬೋಳುತಲೆ ತೋರಿಸಿ ಇವರು ನಗುತ್ತಿದ್ದರು.

ಎತ್ತರದ ಆಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ತಲೆಯ ಮೇಲೆ ಸೆರಗು. ಬಳ್ಳಾರಿಯಲ್ಲಿ ಅದಿರು ಲಾರಿಗಳು ಎಬ್ಬಿಸುತ್ತಿದ್ದ ಗಾಳಿಗೆ ಅಂಗಡಿಗಳ ಬೋರ್ಡು ಹಾರುತ್ತಿದ್ದವು, ಆ ಸೆರಗು ಜಾರಿದ್ದನ್ನು ಮಾತ್ರ ನಾನು ಕಂಡಿಲ್ಲ. ದನಿ ಎಂಥದು ಅಂದರೆ, ಕಾಲುವೆಯ ಈ ಏರಿಯಲ್ಲಿ ನಿಂತವರು ಆ ಏರಿಯವರನ್ನು ಮಾತಾಡಿಸುವಂಥ ದನಿ. ಪಕ್ಕದ ಕುರ್ಚಿಯಲ್ಲಿದ್ದವರ ಹತ್ತಿರ ಪೆನ್ನು ಕೇಳಿದರೂ ಬೀದಿಯವರೆಗೆ ಕೇಳಿಸುತ್ತಿತ್ತು.

ಅವರ ತಂದೆ ಸಿರುಗುಪ್ಪದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಜೀವ ಇವರು, ಅದನ್ನು ಯಾರಾದರೂ ಮರೆತರೆ ನೆನಪಿಸುತ್ತಿದ್ದರು. ಸಂಕೋಚ ಅನ್ನುವುದು ಅವರ ಓಣಿಯಲ್ಲೇ ಸುಳಿದಿರಲಿಲ್ಲ. ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಇಂಜಿನಿಯರು ಮೊದಲ ದಿನವೇ, "ನಿಮ್ಮ ಕನ್ನಡ ಬಹಳ ಚೆನ್ನಾಗಿದೆಯಲ್ಲ ಮೇಡಂ," ಎಂದು ಮೆಚ್ಚಿಕೊಳ್ಳಲು ಹೋಗಿ ಸಿಕ್ಕಿಬಿದ್ದ.

"ಚೆನ್ನಾಗಿರದೆ ಏನಾಗಿರಬೇಕ್ರೀ? ನಮ್ಮ ಮನ್ಯಾಗ ಬೈಯೋದೂ ಕನ್ನಡದಾಗ, ಅಳೋದೂ ಕನ್ನಡದಾಗ. ಬಸ್ಸಿನ್ಯಾಗ ಸೀಟು ಹಿಡ್ಯಾಕ ಮಾತ್ರ ತೆಲುಗು."

ಪಾಪ, ಆತ ಆಮೇಲೆ ಯಾರ ಕನ್ನಡವನ್ನೂ ಹೊಗಳಲಿಲ್ಲ.

ಹೊಸದಾಗಿ ಸೇರಿದವರಿಗೆ ಆಪಾ ಒಂದು ಪರೀಕ್ಷೆ ಇಡುತ್ತಿದ್ದರು. ಕೈಗೆ ಸಿಕ್ಕ ಕಡತವೊಂದನ್ನು ಮುಂದೆ ಹಾಕಿ, "ಇದರ ಆಯುಸ್ಸು ಎಷ್ಟು ಹೇಳು," ಅನ್ನುವುದು. ಸರ್ಕಾರದಲ್ಲಿ ಪ್ರತಿ ಕಾಗದಕ್ಕೂ ಒಂದು ವರ್ಗ ಉಂಟು. ಕೆಲವು ಶಾಶ್ವತ, ಕೆಲವಕ್ಕೆ ಮೂವತ್ತು ವರ್ಷ, ಕೆಲವಕ್ಕೆ ಹತ್ತು, ಐದು, ಕೆಲವಕ್ಕೆ ಒಂದೇ ವರ್ಷ. ಅಷ್ಟು ಕಾಲ ಇಟ್ಟು ಆಮೇಲೆ ನಾಶ ಮಾಡಬೇಕು. ನಾನು ಕೊಳಗಲ್ಲಿನಿಂದ ಸೈಕಲ್ಲಿನಲ್ಲಿ ಬಂದು ಗುಮಾಸ್ತನಾಗಿ ಸೇರಿದ ದಿನ ನನ್ನ ಮುಂದೆ ಬಿದ್ದದ್ದು ಫ್ಯಾನ್ ರಿಪೇರಿಯ ಕಡತ. "ಐದು ವರ್ಷ ಇರಬೇಕ್ರೀ," ಎಂದೆ.

"ಫ್ಯಾನ್ ರಿಪೇರಿಗೆ ಒಂದು ವರ್ಷ ಸಾಕಲೇ ತಮ್ಮಾ. ಆದ್ರ ಅದೇ ಫ್ಯಾನು ಯಾರದರ ತಲಿ ಮ್ಯಾಲ ಬಿದ್ದಿತ್ತಂದ್ರ?"

ನಾನು ಕಡತ ಬಿಚ್ಚಿ ಹಾಳೆ ತಿರುವತೊಡಗಿದೆ.

"ಆ ತಲಿ ಇರೋ ತನಕ ಇಡಬೇಕು," ಎಂದು ಕಡತ ಎತ್ತಿಕೊಂಡು ಹೋದರು.

ಇಷ್ಟು ಕೇಳಿ ಆಪಾ ಎಲ್ಲವನ್ನೂ ಕೂಡಿಡುವವರು ಎಂದುಕೊಳ್ಳಬೇಡಿ. ಸುಡುವುದೆಂದರೆ ಅವರಿಗೆ ಹಬ್ಬ. ಚಹಾ ಖರ್ಚಿನ ಸುತ್ತೋಲೆ, ಗುಂಡುಸೂಜಿ ಬೇಡಿಕೆ, ಯಾರೋ ಯಾರಿಗೋ ಬರೆದ ಜ್ಞಾಪನ, ಇವಕ್ಕೆಲ್ಲ ಅವಧಿ ಮುಗಿದ ಮರುದಿನವೇ ಬೆಂಕಿ ಬೀಳಬೇಕು. ಬೇಡದ ಕಾಗದ ಬೇಕಾದ ಕಾಗದವನ್ನು ಮುಚ್ಚಿಹಾಕುತ್ತದೆ ಎಂದು ಸಿಟ್ಟಾಗುತ್ತಿದ್ದರು. ಆದರೆ ಸುಡುವ ಮುನ್ನ ಕೂಗಿಸಬೇಕು.

ಇದು ಮದ್ರಾಸ್ ಪ್ರಾಂತ್ಯದ ಕಾಲದಿಂದ ನಮ್ಮ ಕಚೇರಿಯಲ್ಲಿ ನಡೆದುಬಂದದ್ದು ಎಂದು ಹಿಂದಿನವರು ಹೇಳುತ್ತಿದ್ದರು. ಉಳಿದವರೆಲ್ಲ ಮರೆತಿದ್ದನ್ನು ಆಪಾ ಹಿಡಿದುಕೊಂಡಿದ್ದರು. ಕಂಪೌಂಡಿನ ಬೇವಿನಮರದ ಕಟ್ಟೆಯ ಮೇಲೆ ಹುಲುಗಪ್ಪ ನಿಲ್ಲಬೇಕು. ಕೋರ್ಟಿನಲ್ಲಿ ಕೂಗುವ ಹಾಗೆ, "ಇಂಥಾ ವರ್ಷದ ಇಂಥಾ ಕಾಗದ ಸುಡಾಕತ್ತೀವಿ, ಬೇಕಾದೋರು ಬರ್ರೆಪಾ," ಎಂದು ಮೂರು ಸಲ ಕೂಗಬೇಕು. ಎದುರಿನ ಕ್ಯಾಂಟೀನಿನವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಯಾರೂ ಬರುತ್ತಿರಲಿಲ್ಲ.

ಒಮ್ಮೆ ಬಂದರು. ತೀರಿಕೊಂಡ ಒಬ್ಬ ಸಣ್ಣ ಗುತ್ತಿಗೆದಾರನ ಹೆಂಡತಿ. ಗಂಡ ಲೈಸೆನ್ಸಿಗೆ ಹಾಕಿದ್ದ ಅರ್ಜಿಯಲ್ಲಿ ಅವನ ಫೋಟೊ ಅಂಟಿಸಿತ್ತು, ಮನೆಯಲ್ಲಿ ಒಂದೂ ಇರಲಿಲ್ಲವಂತೆ. ಆಪಾ ತಮ್ಮ ಟಿಫಿನ್ ಡಬ್ಬಿಯ ಬಿಸಿನೀರಿನ ಆವಿ ಹಿಡಿದು ಆ ಫೋಟೊ ಬಿಡಿಸಿ ಕೊಟ್ಟರು. ಆಕೆ ಹೋದಮೇಲೆ ನಮ್ಮ ಕಡೆ ತಿರುಗಿ, "ಈಗ ನಗ್ರಿ ನೋಡೋಣು," ಎಂದರು. ಯಾರು ನಗುತ್ತಾರೆ.

ಇನ್ನು ಕಂಪ್ಯೂಟರಿನ ಕಥೆ. ಗಣಿಯ ಗದ್ದಲ ಶುರುವಾಗುವುದಕ್ಕೆ ಬಹಳ ವರ್ಷ ಮೊದಲು ನಮ್ಮಲ್ಲಿಗೆ ಒಂದು ಕಂಪ್ಯೂಟರು ಬಂತು. ಆಗಿನ ಸಾಹೇಬರಿಗೆ ಅದರ ಹುಚ್ಚು. "ಇನ್ನು ಕಾಗದ ಬೇಡ" ಎಂದುಬಿಟ್ಟರು. ಸಿರುಗುಪ್ಪ ಮತ್ತು ಕುರುಗೋಡಿನ ಉಪಕಚೇರಿಗಳಲ್ಲಿ ಕಾಲುವೆ ಕಾಯುವ ದಿನಗೂಲಿ ಗ್ಯಾಂಗ್‌ಮನ್‌ಗಳು ಬಹಳ ಜನ ಇದ್ದರು. ಹೂಳು ತೆಗೆಯುವುದು, ತೂಬು ನೋಡುವುದು, ಏರಿ ಒಡೆದರೆ ಮರಳಿನ ಚೀಲ ಹಾಕುವುದು ಇವರ ಕೆಲಸ. ಇವರ ದಿನದಿನದ ಹಾಜರಿ ಚೀಟಿಯಲ್ಲಿ ಬರುತ್ತಿತ್ತು. ನಾನು ಅದನ್ನು ಕಂಪ್ಯೂಟರಿಗೆ ಹಾಕಿ ಚೀಟಿ ಹರಿದು ಎಸೆಯಬೇಕು ಎಂದು ಆಜ್ಞೆಯಾಯಿತು. ಕೆಲವು ವರ್ಷ ಹೀಗೇ ನಡೆಯಿತು. ಆ ಸಾಹೇಬರು ವರ್ಗವಾಗಿ ಹೋದಮೇಲೆ ಬಂದವರು ಮತ್ತೆ ಕಾಗದಕ್ಕೆ ಮರಳಿದರು. ಹಾಗಾಗಿ ಹಿಂದಿನ ಹಾಜರಿಯೆಲ್ಲ ಕಾಗದದಲ್ಲಿ, ಮುಂದಿನದೂ ಕಾಗದದಲ್ಲಿ, ನಡುವಿನ ಆ ಕೆಲವು ವರ್ಷಗಳದ್ದು ಮಾತ್ರ ಆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿಯಿತು.

ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದನ್ನು ಗುಜರಿಗೆ ಹಾಕಲು ಪಟ್ಟಿ ತಯಾರಾಯಿತು. ಅದರೊಳಗಿನದು ಹೊಸದರಲ್ಲಿ ತೆರೆಯುತ್ತಿರಲಿಲ್ಲ. ಅದರ ಅಗಲ ಫ್ಲಾಪಿ ತೂರಿಸಲು ಹೊಸದಕ್ಕೆ ಬಾಯಿಯೇ ಇರಲಿಲ್ಲ. ಆಪಾ ಬಂದು ಸುತ್ತಲೂ ತಿರುಗಿ ನೋಡಿದರು.

"ಇದರಾಗಿಂದು ಓದಾಕ ಯಾರಿಗೆ ಬರ್ತೈತಿ?"

"ಇದಕ್ಕ ಒಂದಕ್ಕೇ ರೀ ಆಪಾ," ಎಂದೆ.

"ಹಂಗಾದ್ರ ಇದೂ ಕಡತನಽ."

ಹುಲುಗಪ್ಪನಿಂದ ಕಡತ ಕಟ್ಟುವ ಕೆಂಪು ಬಟ್ಟೆ ತರಿಸಿದರು. ಕಂಪ್ಯೂಟರು, ಅದರ ಪರದೆ, ಕರ್ ಕರ್ ಅನ್ನುವ ಅದರ ಪ್ರಿಂಟರು, ಮೂರನ್ನೂ ಗಂಟು ಕಟ್ಟಿಸಿ ಮೇಲೆ ಚೀಟಿ ಅಂಟಿಸಿದರು: ವರ್ಗ, ಶಾಶ್ವತ. ತಿಂಗಳಿಗೊಮ್ಮೆ ಗಂಟು ಬಿಚ್ಚಿ ಅದನ್ನು ಚಾಲು ಮಾಡಿ ನೋಡಬೇಕೆಂದು ನನಗೆ ಅಪ್ಪಣೆಯಾಯಿತು. ಹುಲುಗಪ್ಪ ಅದಕ್ಕೆ ಅಮಾವಾಸ್ಯೆಯ ದಿನವನ್ನೇ ಗೊತ್ತು ಮಾಡಿದ, ಲಾರಿಗೆ ಮಾಡುವ ಹಾಗೆ ಅದರ ಮುಂದೊಂದು ನಿಂಬೆಹಣ್ಣೂ ಇಡುತ್ತಿದ್ದ. ಆಪಾ ಬೇಡ ಅನ್ನಲಿಲ್ಲ. "ನಿಂಬಿಹಣ್ಣು ನಿಂದು, ಸ್ವಿಚ್ ನಂದು," ಎಂದರು. ಲೆಕ್ಕ ತಪಾಸಣೆಗೆ ಬಂದ ಒಬ್ಬರು ಕೆಂಪು ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಪಾ ಅವರಿಗೆ ಕಾಫಿ ಕೊಟ್ಟು, ನಗು ಮುಗಿಯುವವರೆಗೆ ಕಾದು, "ಮುಂದಿನ ಪಟ್ಟಿ ನೋಡ್ರಿ," ಎಂದರು.

ಆಮೇಲೆ ಗಣಿಯ ಭರಾಟೆ ಬಂತು. ಆ ವರ್ಷಗಳ ಬಳ್ಳಾರಿಯನ್ನು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಹಗಲೂ ರಾತ್ರಿ ಲಾರಿ. ಇಡ್ಲಿ ಮೇಲೆ ಕೆಂಪು ಧೂಳು, ಒಣಗಿಹಾಕಿದ ಬಿಳಿ ಪಂಚೆ ಕೆಂಪು, ಕೋಟೆ ಗುಡ್ಡವೇ ಕೆಲವು ದಿನ ಕಾಣುತ್ತಿರಲಿಲ್ಲ. ನಿನ್ನೆ ಸ್ಕೂಟರಿನಲ್ಲಿದ್ದವರು ಇವತ್ತು ಉದ್ದನೆಯ ಕಾರಿನಿಂದ ಇಳಿಯುತ್ತಿದ್ದರು. ಊರಿನಲ್ಲಿ ಒಂದು ಖಾಲಿ ಕೋಣೆ ಸಿಗುವುದು ಕಷ್ಟವಾಯಿತು. ನಮ್ಮ ಕಚೇರಿ ಇದ್ದದ್ದು ಬಾಡಿಗೆಯ ಹಳೇ ಬಂಗಲೆಯಲ್ಲಿ. ಅದರ ಮಾಲೀಕರೂ ಅದಿರಿನ ವ್ಯಾಪಾರಕ್ಕಿಳಿದರು. ಹೊರದೇಶದಿಂದ ಬರುವ ಖರೀದಿದಾರರಿಗೆ ಉಳಿಯಲು ಕೋಣೆಗಳು ಬೇಕು, ಹಿಂಭಾಗವನ್ನು ಬಿಟ್ಟುಕೊಡಿ ಎಂದರು. ಹಿಂಭಾಗ ಅಂದರೆ ನಮ್ಮ ರೆಕಾರ್ಡ್ ರೂಮು.

ಆಗಿದ್ದ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ, ಜಗಳ ಅಂದರೆ ಆಗದವರು. ಒಪ್ಪಿಬಿಟ್ಟರು. ಸೋಮವಾರ ಕಾಗದದ ಮಿಲ್ಲಿನ ಲಾರಿ ಬರುತ್ತದೆ, ಅವಧಿ ಮುಗಿದೂ ಉಳಿದಿರುವುದನ್ನೆಲ್ಲ ಅದಕ್ಕೆ ಹಾಕಿ, ಕೆಂಪು ಗಂಟು ಗುಜರಿಗೆ ಕೊಡಿ ಎಂದು ಆದೇಶ ಬರೆದರು.

ಆಪಾ ಆ ಹಾಳೆ ಹಿಡಿದುಕೊಂಡು ಅವರ ಕೋಣೆಗೆ ಹೋದರು. ನಾನು ಕಡತ ಹಿಡಿದು ಹಿಂದೆ ನಿಂತಿದ್ದೆ.

"ಸಾರ್, ಇದರಾಗ ಗ್ಯಾಂಗ್‌ಮನ್‌ಗಳ ಹಾಜರಿ ಐತ್ರಿ. ಅವರನ್ನ ಕಾಯಂ ಮಾಡ್ತಾರಂತ ಮಾತು ನಡದೈತಿ. ಎಡಬಿಡದ ಸೇವಾ ತೋರಿಸು ಅಂದ್ರ ಏನ್ ತೋರಿಸಬೇಕ್ರೀ ಅವ್ರು?"

"ಮಾತು ನಡೀತಿದೆ ಅಂತೀರಿ, ಕಾಗದ ಬಂದಿದೆಯಾ? ಬಂದಾಗ ನೋಡೋಣ."

"ಬಂದಾಗ ನೋಡಾಕ ಏನಿರ್ತೈತ್ರಿ?"

"ನೋಡಿ ಆಪಾ, ಹಾಜರಿ ಪಟ್ಟಿ ಇಷ್ಟು ವರ್ಷ ಅಂತ ಇದೆ, ಮುಗಿದಿದೆ. ಇನ್ನು ಕಂಪ್ಯೂಟರು. ಅದಕ್ಕೆ ಯಾವ ವರ್ಗವೂ ಇಲ್ಲ. ಎಷ್ಟು ವರ್ಷ ಇಡಬೇಕು ಅಂತ ಯಾವ ನಿಯಮವೂ ಹೇಳಿಲ್ಲ. ಅಂದಮೇಲೆ ಇಡಲೇಬೇಕು ಅಂತಿಲ್ಲವಲ್ಲ."

"ಎಷ್ಟು ವರ್ಷ ಅಂತ ಹೇಳಿಲ್ಲ ಅಂದ್ರ, ಮುಗೀತು ಅಂತ ಹೇಳಾಕ ನಾವ್ಯಾರ್ರೀ?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹತ್ತಾರು ವರ್ಷದ ಹಳೇ ಕಸ ಯಾರಿಗೆ ಬೇಕು, ಒಬ್ಬರಾದರೂ ಕೇಳಿಕೊಂಡು ಬಂದಿದ್ದಾರೆಯೇ ಎಂದರು. ಆಪಾ ಅದಕ್ಕೇ ಕಾಯುತ್ತಿದ್ದರು.

"ಕೂಗಿಸ್ತೀನ್ರಿ. ಬರಲಿಲ್ಲ ಅಂದ್ರ ನಾನಽ ನಿಂತು ಲಾರಿಗೆ ಹಾಕಸ್ತೀನಿ. ಬಂದ್ರ?"

"ಬಂದರೆ ಇಡೋಣ," ಎಂದರು ಸಾಹೇಬರು. ಬೇವಿನಮರದ ಕಟ್ಟೆ, ಹುಲುಗಪ್ಪ, ಎದುರಿನ ಕ್ಯಾಂಟೀನು ಅವರ ಕಣ್ಣಮುಂದಿತ್ತು. ಆಪಾರ ಮನಸ್ಸಿನಲ್ಲಿ ಏನಿತ್ತೋ ಅದು ಅವರಿಗೆ ಗೊತ್ತಿರಲಿಲ್ಲ.

ಹೊರಗೆ ಬಂದವರೇ, "ರಾಜಾಸಾಬನ ಆಟೋ ಕರೀಲೇ," ಎಂದರು. ರಾಜಾಸಾಬ ಅಂದರೆ ಆಟೋಗೆ ಮೈಕು ಕಟ್ಟಿಕೊಂಡು ಸಿನಿಮಾ, ಸೀರೆ ಸೇಲು, ಕುಸ್ತಿ, ಎಲ್ಲವನ್ನೂ ಊರೂರು ಸಾರುತ್ತಿದ್ದ ಮನುಷ್ಯ. ಶನಿವಾರ ಬೆಳಿಗ್ಗೆ ಆಪಾ, ನಾನು, ಹುಲುಗಪ್ಪ ಆ ಆಟೋದಲ್ಲಿ ಕೂತೆವು. ಮೈಕಿನ ಡಬ್ಬಿ ನನ್ನ ತೊಡೆ ಮೇಲೆ. ಮೊದಲು ಕುರುಗೋಡು. ಲಾರಿಗಳ ನಡುವೆ ಆಟೋ ನುಗ್ಗಿಸುವಾಗ ಹುಲುಗಪ್ಪ ಕಣ್ಣು ಮುಚ್ಚಿದ್ದ. ಆಪಾ ಕಣ್ಣು ಬಿಟ್ಟು ಒಬ್ಬೊಬ್ಬ ಡ್ರೈವರನಿಗೂ ಅವನದೇ ಭಾಷೆಯಲ್ಲಿ ಬೈಯುತ್ತಿದ್ದರು.

ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ರಾಜಾಸಾಬ ನಾವು ಬರೆದುಕೊಟ್ಟಿದ್ದನ್ನು ಓದಿದ: "ಅವಧಿ ಮೀರಿದ ಕಾಗದಪತ್ರಗಳನ್ನು ವಿಲೇವಾರಿ ಮಾಡಲಾಗುವುದು, ಸಂಬಂಧಪಟ್ಟವರು ಹಾಜರಾಗತಕ್ಕದ್ದು." ಬಾಳೆಹಣ್ಣು ಮಾರುವವಳು ಕತ್ತೆತ್ತಿ ಸಹ ನೋಡಲಿಲ್ಲ. ಎರಡು ಬೀದಿ ಸುತ್ತಿದೆವು. ಒಬ್ಬನೂ ನಿಂತು ಕೇಳಲಿಲ್ಲ.

ರಾಜಾಸಾಬ ಆಟೋ ಪಕ್ಕಕ್ಕೆ ಹಾಕಿದ. "ಆಪಾ, ಇದು ಯಾರಿಗೂ ತಿಳಿಯಂಗಿಲ್ರೀ. ನನಗಽ ತಿಳೀವಲ್ದು. ಒಳಗ ಇರೋದು ಏನ್ರೀ ಅದು?"

"ಕಾಲುವಿ ಮ್ಯಾಲ ದುಡಿದೋರ ಹಾಜರಿ. ಅವರವರ ಹೆಸರು."

"ಅದನ್ನ ಹೇಳ್ರಿ ಮತ್ತ," ಎಂದು ಚೀಟಿಯನ್ನು ಜೇಬಿಗೆ ತುರುಕಿ, ಆಟೋ ಬಿಟ್ಟು, ಕುಸ್ತಿ ಸಾರುವ ದನಿಯಲ್ಲಿ ಶುರು ಮಾಡಿದ: "ಕಾಲುವಿ ಮ್ಯಾಲ ದುಡಿದೋರು ಕೇಳ್ರಪೋ ಕೇಳ್ರಿ. ಸೋಮವಾರ ಬಳ್ಳಾರ್ಯಾಗ ನಿಮ್ಮ ಹೆಸರು ಸುಡ್ತಾರ. ಜೀವಂತ ಇದ್ದೋರ ಹೆಸರು ಸುಡ್ತಾರ. ಬ್ಯಾಡ ಅನ್ನೋರು ಬಂದು ಬಿಡಿಸ್ಕೊಳ್ರಿ." ಅದನ್ನೇ ಮತ್ತೆ ತೆಲುಗಿನಲ್ಲಿ ಹೇಳಿದ, ಅದು ಇನ್ನೂ ಖಾರವಾಗಿತ್ತು.

ಸುಡುವುದಲ್ಲ, ಮಿಲ್ಲಿಗೆ ಹಾಕುವುದು, ಸರ್ಕಾರದ ಪ್ರಕಟಣೆ ಹಾಗಿರಬಾರದು ಎಂದು ನಾನು ತಡೆಯಲು ಹೋದೆ. ಆಪಾ ನನ್ನ ಮೊಣಕೈ ಹಿಡಿದು ಕೂರಿಸಿದರು. ಬೀದಿ ಎದ್ದು ನಿಂತಿತ್ತು. ಒಬ್ಬ ಮುದುಕಿ ಆಟೋಗೆ ಅಡ್ಡ ಬಂದು, "ಯಾವನಲೇ ನನ್ನ ಮಗನ ಹೆಸರು ಸುಡೋನು, ಮದಿವಿಯಾಗಿ ಎರಡು ಮಕ್ಕಳದಾವು ಅವಂಗ," ಎಂದು ರಾಜಾಸಾಬನ ಕೊರಳಪಟ್ಟಿ ಹಿಡಿದಳು. ನಮ್ಮ ಕಡೆ ಸತ್ತವರ ಮುಂದಲ್ಲದೆ ಸುಡುವ ಮಾತು ಎತ್ತುವುದಿಲ್ಲ. ಬದುಕಿದ್ದವನ ಹೆಸರಿಗೆ ಬೆಂಕಿ ಅಂದರೆ ಸುಮ್ಮನಿರುತ್ತಾರೆಯೇ. ಸಿರುಗುಪ್ಪ ದಾರಿಯುದ್ದಕ್ಕೂ ಅದೇ ಆಯಿತು. ತೆಕ್ಕಲಕೋಟೆಯಲ್ಲಿ ಭತ್ತದ ಗದ್ದೆಯಿಂದ ಕೆಸರುಗಾಲಲ್ಲಿ ಓಡಿ ಬಂದವನು ಗಾದಿಲಿಂಗಪ್ಪ ಎಂಬ ಗ್ಯಾಂಗ್‌ಮನ್. ಹುಡುಗನಾಗಿದ್ದಾಗ ಕಾಲುವೆ ಕೆಲಸಕ್ಕೆ ಬಂದು ತಲೆ ಬೆಳ್ಳಗಾಗಿತ್ತು. ಆಪಾರನ್ನು ನೋಡಿ, "ಖರೇನೇನ್ರೀ ಆಪಾ?" ಎಂದ.

"ಸೋಮವಾರ ಬಂದ್ರ ಸುಳ್ಳು. ಬರದಿದ್ರ ಖರೆ."

ಬಳ್ಳಾರಿಗೆ ಮರಳುವಾಗ ರಾಜಾಸಾಬನಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಅವನ ಗಂಟಲು ಕಟ್ಟಿಹೋಗಿತ್ತು, ಖಾರಕ್ಕೆ ಕಣ್ಣಲ್ಲಿ ನೀರು ಹರಿಯುತ್ತಿತ್ತು, ಆದರೂ ಇನ್ನೊಂದು ಮಿರ್ಚಿ ಎತ್ತಿಕೊಂಡ.

ಸೋಮವಾರ ನಾನು ಕಚೇರಿಗೆ ಹೋಗುವಷ್ಟರಲ್ಲಿ ಬೀದಿಯಲ್ಲಿ ಸೈಕಲ್ ತಿರುಗಿಸಲು ಜಾಗವಿರಲಿಲ್ಲ. ಸಿರುಗುಪ್ಪ ಕಡೆಯಿಂದ ಟ್ರ್ಯಾಕ್ಟರುಗಳು, ಕುರುಗೋಡಿನಿಂದ ಬಸ್ಸಿನ ಮೇಲೆಲ್ಲ ಕೂತು ಬಂದವರು, ಹೆಂಗಸರು, ಮುದುಕರು, ಬುತ್ತಿಯ ಗಂಟುಗಳು. ಕಾಗದದ ಮಿಲ್ಲಿನ ಲಾರಿ ಗೇಟಿನ ಹೊರಗೇ ಸಿಕ್ಕಿಕೊಂಡು ಅದರ ಡ್ರೈವರು ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ. ಸಾಹೇಬರು ಜೀಪಿನಿಂದ ಇಳಿದವರು ಅಲ್ಲೇ ನಿಂತರು.

"ಯಾರು ಇವರೆಲ್ಲ?"

"ಕೇಳೋರು ಸಾರ್," ಎಂದರು ಆಪಾ.

ಸಾಹೇಬರು ಮಾತಿಗೆ ತಪ್ಪುವವರಲ್ಲ. ಕಾಗದದ ಪಟ್ಟಿಗಳು ಉಳಿಯಲಿ ಎಂದರು. ಆದರೆ ಕೆಂಪು ಗಂಟಿನ ಕಡೆ ನೋಡಿ ತಲೆಯಾಡಿಸಿದರು. "ಇದು ಓಡುತ್ತಾ? ಓಡದಿದ್ದರೆ ಬರೀ ಕಬ್ಬಿಣ, ಅದನ್ನ ಇಟ್ಕೊಂಡು ಏನು ಮಾಡೋದು?" ಅದೂ ಸರಿಯೇ. ನಡುವಿನ ಆ ವರ್ಷಗಳು ಇಲ್ಲದಿದ್ದರೆ ಹಿಂದಿನದೂ ಮುಂದಿನದೂ ಇದ್ದು ಉಪಯೋಗವಿಲ್ಲ. ಸೇವೆ ಎಡೆಬಿಟ್ಟಿದೆ ಎಂದು ಬರೆದರೆ ಅವರ ಕಾಯಂ ಅಲ್ಲಿಗೇ ಮುಗಿಯಿತು. ಗಾದಿಲಿಂಗಪ್ಪ ಮುಂದೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ.

ರೆಕಾರ್ಡ್ ರೂಮಿನಲ್ಲಿ ಸ್ವಿಚ್ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಸತ್ತಂತೆ ಕೂತಿತ್ತು. ಹುಲುಗಪ್ಪ ಜೇಬಿನಲ್ಲಿ ನಿಂಬೆಹಣ್ಣು ಹುಡುಕತೊಡಗಿದ. ಆಪಾ ಗೋಡೆಯುದ್ದಕ್ಕೂ ವೈರು ಹಿಡಿದು ಹೋಗಿ ನೋಡಿದರು. ಮಾಲೀಕರ ಕಡೆಯವರು ಬಣ್ಣ ಬಳಿಯಲೆಂದು ಆಗಲೇ ಬಂದು ಹಿಂಭಾಗದ ಲೈನನ್ನು ಕಿತ್ತುಹಾಕಿದ್ದರು.

"ಹೊರಗ ಎತ್ರಿ ಇದನ್ನ," ಎಂದರು.

ಎತ್ತಲು ಎಷ್ಟು ಕೈ ಬೇಕೋ ಅದಕ್ಕಿಂತ ಹೆಚ್ಚು ಬಂದವು. ಕೆಂಪು ಗಂಟು ಜನರ ತಲೆಗಳ ಮೇಲೆ ತೇಲಿಕೊಂಡು ಬೇವಿನಮರದ ಕಟ್ಟೆಗೆ ಬಂತು. ಇಷ್ಟು ವರ್ಷ ನಗುತ್ತಿದ್ದ ಕ್ಯಾಂಟೀನಿನವರು ತಮ್ಮ ಗ್ರೈಂಡರಿನ ವೈರು ಕಿತ್ತು, ಬೀದಿ ದಾಟಿಸಿ, ನಮಗೆ ಲೈನು ಕೊಟ್ಟರು. ನಾನು ಸೈಕಲ್ ಪಂಪಿನಿಂದ ಕಂಪ್ಯೂಟರಿನೊಳಗಿನ ಧೂಳು ಊದಿದೆ, ಕೆಂಪಗೆ ಒಂದು ಮೋಡವೇ ಹೊರಟಿತು. ಆಪಾ, "ಸ್ವಿಚ್ ನಂದು," ಎಂದು ಮುಂದೆ ಬಂದು ತಾವೇ ಒತ್ತಿದರು.

ಗುಂಯ್ ಎಂದಿತು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು. ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ. ಪ್ರಿಂಟರು ಕರ್ ಕರ್ ಎಂದು ಹಾಳೆ ತಳ್ಳತೊಡಗಿತು. ಆ ಸದ್ದಿಗೆ ಹಿಂದಿನವರು ಮುಂದಿನವರ ಹೆಗಲು ಹಿಡಿದು ಇಣುಕಿದರು. ರಾಜಾಸಾಬ ಮೈಕು ತಂದು ನನ್ನ ಬಾಯಿಗೆ ಹಿಡಿದ. ಹಾಳೆ ಬಂದ ಹಾಗೆ ಹೆಸರು ಓದಿದೆ.

"ತೆಕ್ಕಲಕೋಟೆ ಗಾದಿಲಿಂಗಪ್ಪ."

"ಅದೀನ್ರೀ," ಎಂದ ಅವನು, ಶಾಲೆಯಲ್ಲಿ ಹಾಜರಿ ಕೂಗಿದಾಗ ಹುಡುಗರು ಕೈಯೆತ್ತುವ ಹಾಗೆ ಕೈಯೆತ್ತಿ. ಜನ ಹೋ ಎಂದು ಕೂಗಿದರು. ಆಮೇಲೆ ನಿಲ್ಲಲಿಲ್ಲ. ಒಂದೊಂದು ಹೆಸರಿಗೂ ಒಂದೊಂದು ಮೂಲೆಯಿಂದ ಅದೀನ್ರೀ, ಅದೀನ್ರೀ. ಕೆಲವರು ಟ್ರ್ಯಾಕ್ಟರಿನ ಮೇಲಿಂದ, ಒಬ್ಬ ಮರದ ಮೇಲಿಂದ. ಕುರುಗೋಡಿನ ಮಾರೆಪ್ಪ ಎಂದಾಗ ಮಾತ್ರ ಸುಮ್ಮನಾಯಿತು. ಮತ್ತೊಮ್ಮೆ ಕರೆದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. "ಅವ್ರು ಇಲ್ರೀ. ಏರಿ ಒಡದಾಗ ನೀರಾಗ ಹೋದ್ರು. ನಾನು ಅದೀನ್ರೀ."

ಆಪಾ ಕಟ್ಟೆ ಇಳಿದು ಹೋಗಿ ಆಕೆಯ ಪಕ್ಕ ನಿಂತರು. ಮೈಕು ಇಲ್ಲದೆಯೇ ಅವರ ದನಿ ಎಲ್ಲರಿಗೂ ಕೇಳಿತು: "ಬರಕೋಲೇ ತಮ್ಮಾ. ಮಾರೆಪ್ಪ, ಕೇಳೋರು ಅದಾರ."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಅಲ್ಲೇ ಜೀಪಿನ ಮೂತಿಯ ಮೇಲೆ ಹಾಳೆ ಇಟ್ಟುಕೊಂಡು ಆದೇಶ ಬರೆದರು. ದಿನಗೂಲಿಯವರ ಹಾಜರಿ ಕಾಗದದಲ್ಲಿರಲಿ, ಕಂಪ್ಯೂಟರಿನಲ್ಲಿರಲಿ, ಅವರಾಗಲಿ ಅವರ ಮನೆಯವರಾಗಲಿ ಕೇಳುವವರೆಗೆ ಇಡತಕ್ಕದ್ದು, ಅದನ್ನು ಓದುವ ಯಂತ್ರವನ್ನೂ ಜೊತೆಗೆ ಇಡತಕ್ಕದ್ದು ಎಂದು. ಆಪಾ ಕನ್ನಡಕ ಏರಿಸಿ ಓದಿದರು. "ಕೇಳುವವರೆಗೆ ಅಲ್ರೀ ಸಾರ್. ಕೇಳುವವರು ಇರುವವರೆಗೆ ಅಂತ ಹಾಕ್ರಿ." ಸಾಹೇಬರು ತಿದ್ದಿ ಸಹಿ ಮಾಡಿದರು. ಇನ್ನು ಮೇಲೆ ಏನು ನಾಶ ಮಾಡುವುದಿದ್ದರೂ ಮೊದಲು ಊರೂರಿಗೆ ಹೋಗಿ ಕೂಗಿಸಬೇಕು ಎಂದು ಕೆಳಗೆ ತಾವಾಗಿಯೇ ಒಂದು ಸಾಲು ಸೇರಿಸಿದರು. ಅದನ್ನು ಆಪಾ ಹೇಳಿಕೊಟ್ಟಿರಲಿಲ್ಲ.

ಮಿಲ್ಲಿನ ಲಾರಿ ಖಾಲಿ ಹೋಯಿತು. ಖಾಲಿ ಯಾಕೆ, ಹೋಗುವಾಗ ಕುರುಗೋಡು ಕಡೆಯವರನ್ನೆಲ್ಲ ಹತ್ತಿಸಿಕೊಂಡು ಹೋಯಿತು. ಬಂಗಲೆಯ ಮಾಲೀಕರು ಬೇರೆ ಕಡೆ ಅತಿಥಿಗೃಹ ಕಟ್ಟಿಸಿದರು. ಅದಿರಿನ ಅಬ್ಬರ ಇಳಿದ ಮೇಲೆ ಅದರಲ್ಲಿ ಪಾರಿವಾಳ ಸೇರಿಕೊಂಡವು, ನಮ್ಮ ರೆಕಾರ್ಡ್ ರೂಮು ಇದ್ದಲ್ಲೇ ಇತ್ತು.

ಸರ್ಕಾರದಿಂದ ಕಾಗದ ಬಂತು, ಸೇವೆಯ ಪುರಾವೆ ಕೇಳಿತು. ನಮ್ಮಲ್ಲಿ ಸಿದ್ಧವಿತ್ತು. ಗಾದಿಲಿಂಗಪ್ಪನಿಗೂ ಅವನ ಜೊತೆಯವರಿಗೂ ಕಾಯಂ ಆಯಿತು, ಮಾರೆಪ್ಪನ ಹೆಂಡತಿಗೆ ಕುರುಗೋಡು ಉಪಕಚೇರಿಯಲ್ಲಿ ಕೆಲಸ ಸಿಕ್ಕಿತು. ಹೊಸ ಖಾಕಿ ಹಾಕಿಕೊಂಡು ಎಲ್ಲರೂ ಬಂದ ದಿನ ಆಪಾ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, ಒಬ್ಬೊಬ್ಬರನ್ನೂ ಕರೆದು ಗುಂಡಿ ಸರಿಯಾಗಿ ಹಾಕಿದ್ದಾರೆಯೇ ಎಂದು ನೋಡಿದರು. ಹೊಗಳಿಕೆಗೆ ಬೇಡ ಎಂದವರೇ ಅಲ್ಲ. "ಇನ್ನೊಮ್ಮೆ ಹೇಳ್ರಿ, ಸಾಹೇಬ್ರಿಗೆ ಕೇಳಿಸಿಲ್ಲ," ಎಂದು ಎರಡೆರಡು ಸಲ ಹೇಳಿಸಿಕೊಂಡರು. ಗೆದ್ದವರು ಗೆದ್ದ ಹಾಗೆ ಇರಬೇಕು ಎಂದು ನನಗೆ ಕಲಿಸಿದ್ದೂ ಅವರೇ.

ಈ ಕಥೆಯಲ್ಲಿ ಅರ್ಧವನ್ನೂ ಆ ಹುಡುಗಿಗೆ ಫೋನಿನಲ್ಲಿ ಹೇಳಿರಲಿಲ್ಲ. "ಸರ್ವರಿನ್ಯಾಗ ಯಾರ್ಯಾರ ಹೆಸರದಾವು ನೋಡವ್ವಾ, ಅವರೂರಿಗೆ ಹೋಗಿ ಕೂಗಿಸು, ಆಮ್ಯಾಲ ಎಷ್ಟು ವರ್ಷ ಅಂತ ಅವರನ್ನಽ ಕೇಳು," ಎಂದಿದ್ದೆ. ಆಗಲಿ ಸಾರ್ ಎಂದು ಇಟ್ಟಿದ್ದಳು. ಈ ಕಾಲದವರು, ಎಲ್ಲಿ ಕೂಗಿಸುತ್ತಾರೆ ಎಂದು ನಾನು ಮರೆತಿದ್ದೆ.

ಇವತ್ತು ಬೆಳಿಗ್ಗೆ ಮತ್ತೆ ಅವಳ ಫೋನು. ಹಿಂದೆ ಏನೋ ಗದ್ದಲ. "ಸಾರ್, ರಾಜಾಸಾಬನ ಮಗನ ಆಟೋ ಸಿಕ್ತು. ಸಿರುಗುಪ್ಪಕ್ಕೂ ಕಳಿಸಿದ್ದೆ, ಕುರುಗೋಡಿಗೂ ಕಳಿಸಿದ್ದೆ. ಸಾಹೇಬ್ರು ಮೊದಲು ನಕ್ರು."

"ಈಗ?"

"ಈಗ ನಗಾಕತ್ತಿಲ್ರೀ. ನೀವಽ ಕೇಳ್ರಿ," ಎಂದು ಫೋನನ್ನು ಜನರ ಕಡೆ ಹಿಡಿದಳು. ಯಾರೋ ಪರದೆ ನೋಡಿ ಹೆಸರು ಓದುತ್ತಿದ್ದರು. ಹೆಸರು ನನಗೆ ಸ್ಪಷ್ಟವಾಗಲಿಲ್ಲ. ಉತ್ತರ ಮಾತ್ರ ಕೇಳಿತು, ಹತ್ತಿರದಿಂದ ಒಂದು, ದೂರದಿಂದ ಒಂದು, ಆಮೇಲೆ ಹೆಂಗಸರ ದನಿಯಲ್ಲಿ ಒಂದು: ಅದೀನ್ರೀ, ಅದೀನ್ರೀ, ಅದೀನ್ರೀ.